ಮುಚ್ಚದೆ ಬಿಟ್ಟ ತೊಲೆ

ನಮ್ಮ ಮನೆಗೆ ಹೊಸದಾಗಿ ಬಂದವರು ನಡುಮನೆಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ಮೇಲೆ ನೋಡುತ್ತಾರೆ. ಕೆಲವರು ಸುಮ್ಮನಿರುತ್ತಾರೆ. ಕೆಲವರು ಕೇಳಿಯೇ ಬಿಡುತ್ತಾರೆ: ಮರದ ಮನೆಯ ನಟ್ಟನಡುವೆ ಇದೆಂಥ ಕಬ್ಬಿಣ? ನಾಲ್ಕು ಹಲಗೆ ಹೊಡೆದು ಮುಚ್ಚಬಾರದಿತ್ತೇ? ಮೊನ್ನೆ ಬಂದ ಇಂಜಿನಿಯರೊಬ್ಬ ಮಾತ್ರ ಬೇರೆಯೇ ರಾಗ ತೆಗೆದ. ಈಗ ದೊಡ್ಡ ಪೇಟೆಗಳಲ್ಲಿ ಕಬ್ಬಿಣದ ತೊಲೆಗಳನ್ನು ಬೇಕೆಂದೇ ಕಾಣುವಂತೆ ಬಿಡುತ್ತಾರಂತೆ, ಅದೇ ಚೆಂದವಂತೆ. "ನಿಮ್ಮ ಮನೆಯವರಿಗೆ ಆ ಕಾಲದಲ್ಲೇ ಎಂಥಾ ಅಭಿರುಚಿ ಇತ್ತು ಅಜ್ಜಿ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅಭಿರುಚಿಯೂ ಇಲ್ಲ, ಮಣ್ಣೂ ಇಲ್ಲ. ಆ ತೊಲೆ ಹಾಗೆ ಬರಿಮೈಯಲ್ಲಿ ಉಳಿದದ್ದು ನನ್ನ ಹಟದಿಂದ, ಮತ್ತು ನನ್ನ ಅತ್ತೆ ಆಡಿದ ಒಂದು ಮಾತಿನಿಂದ. ಆ ಮಾತು ಕೇಳಿದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ, ಆದ್ದರಿಂದ ಬರೆದಿಡುತ್ತೇನೆ.

ಬ್ರಹ್ಮಾವರದಿಂದ ಪಡುವಣಕ್ಕೆ, ಹೊಳೆ ದಂಡೆಯ ಈ ಮನೆಗೆ ನಾನು ಮದುವೆಯಾಗಿ ಬಂದದ್ದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ. ಮನೆಯಲ್ಲಿ ಅತ್ತೆ, ಇವರು, ನಾನು, ಮೂರೇ ಜನ. ಇವರು ಕುಂದಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ವಾರವಿಡೀ ಅಲ್ಲೇ ಇದ್ದು, ಶನಿವಾರ ಕಡವು ದಾಟಿ ಬರುವವರು. ಹಾಗಾಗಿ ಮನೆ ಎಂದರೆ ಅತ್ತೆ ಮತ್ತು ನಾನು. ಅತ್ತೆಗೆ ಈ ಮನೆಯ ಮರಗಳೆಂದರೆ ಜೀವ. ವರ್ಷಕ್ಕೊಮ್ಮೆ, ಬಿಸಿಲು ಏರುವ ಕಾಲದಲ್ಲಿ, ಗೇರುಬೀಜದ ಸಿಪ್ಪೆಯ ಎಣ್ಣೆ ತರಿಸಿ ಬಾಗಿಲು, ದಾರಂದ, ಕಂಬ, ತೊಲೆ ಎಲ್ಲಕ್ಕೂ ಸ್ವತಃ ಹಚ್ಚುತ್ತಿದ್ದರು. ಕೈ ಸುಟ್ಟು ಸಿಪ್ಪೆ ಏಳುತ್ತಿತ್ತು, ಆದರೂ ಇನ್ನೊಬ್ಬರ ಕೈಗೆ ಬಟ್ಟೆ ಕೊಡುತ್ತಿರಲಿಲ್ಲ. ನಡುಮನೆಯ ಮೇಲಿನ ದೊಡ್ಡ ತೊಲೆಯಂತೂ ಮುಖ ಕಾಣುವಷ್ಟು ಕಪ್ಪಗೆ ಹೊಳೆಯುತ್ತಿತ್ತು. ಅದರ ಮೇಲೆ ಅಟ್ಟ, ಅಟ್ಟದಲ್ಲಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು. ಅದರ ಕೆಳಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸೌತೆಕಾಯಿಗಳ ಸಾಲು.

ನನ್ನ ಮಗಳು ಹುಟ್ಟಿದ ಮೇಲೆ ತೊಟ್ಟಿಲನ್ನು ಕಟ್ಟಿದ್ದೂ ಅದೇ ತೊಲೆಗೆ. ಬೈಂದೂರಿನ ತವರಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಕೂಸನ್ನು ಎತ್ತಿಕೊಂಡು ನಾನು ಈ ಮನೆಗೆ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಮಗು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಾ ಮಲಗಿತ್ತು. ಅತ್ತೆ ಬಚ್ಚಲಿನಿಂದ ನೀರು ಕಾಯಿತೆಂದು ಕೂಗಿದರು. ನಾನು ಮಗುವನ್ನೆತ್ತಿಕೊಂಡು ಹೋಗಿ ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಲು ಕೂತೆ. ತಲೆಗೆ ಎಣ್ಣೆ ಇಟ್ಟದ್ದಷ್ಟೇ, ಒಳಗೆ ಗೋಡೆಯೇ ಕುಸಿದಂಥ ಸದ್ದು. ಓಡಿ ಬಂದು ನೋಡಿದರೆ ತೊಲೆ ನಡುವೆ ಮುರಿದು ನೆಲಕ್ಕೆ ಬಂದಿದೆ. ಮುಡಿಗಳು ಒಡೆದು ನಡುಮನೆ ತುಂಬ ಅಕ್ಕಿ. ಅಕ್ಕಿಯ ಅಡಿಯಲ್ಲಿ ತೊಟ್ಟಿಲು ಚಪ್ಪಟೆಯಾಗಿ ಬಿದ್ದಿತ್ತು.

ನಾನು ಅಳಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಮುರಿದ ತೊಲೆಯ ಹತ್ತಿರ ಹೋಗಿ ಒಳಗೆ ನೋಡಿದೆ. ಹೊರಗೆ ಬೆರಳು ದಪ್ಪದ ಹೊಳೆಯುವ ಮರ, ಒಳಗೆಲ್ಲ ಒರಲೆ ಕಟ್ಟಿದ ಮಣ್ಣು. ಗೆದ್ದಲಿನ ಬಿಳಿ ಹುಳಗಳು ಬೆಳಕು ಕಂಡು ಗಡಿಬಿಡಿಯಲ್ಲಿ ಓಡುತ್ತಿದ್ದವು. ವರ್ಷಗಟ್ಟಲೆ ತಿಂದಿದ್ದವು, ನಮ್ಮ ಕಣ್ಣಿಗೆ ಕಂಡದ್ದು ಮಾತ್ರ ಎಣ್ಣೆಯ ಹೊಳಪು. ಆಗ ಮಗುವಿನ ತಲೆಯ ಮೇಲೆ ಅಂಗೈ ಮುಚ್ಚಿ ಹಿಂದೆ ಸರಿದೆ. ಅತ್ತೆ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಅವರಿಗೂ ನನ್ನ ಹಾಗೇ ಭಯವಾಗಿದೆ ಎಂದುಕೊಂಡೆ.

ಎರಡು ದಿನ ಕಳೆದು ನಾನು ಬೈಂದೂರಿಗೆ ಹೊರಟೆ. ಸುದ್ದಿ ಕೇಳಿ ಮನೆಗೆ ಬಂದಿದ್ದ ಇವರು ಕಡವಿನವರೆಗೆ ಬಂದು, ದೋಣಿ ಹತ್ತುವಾಗ ಮೆಲ್ಲಗೆ, "ಏಗ್ಳಿಕೆ ಬತ್ತೆ?" ಎಂದು ಮರಳುವ ದಿನ ಕೇಳಿದರು.

"ನನ್ ಮಗುವಿನ ತಲಿ ಮೇಲ್ ಎಂತ ಇತ್ತ್ ಅಂದ್ಹೇಳಿ ನನ್ ಕಣ್ಣಿಗೆ ಕಾಣ್ಕ್. ಕಂಡ್ರೆ ಬತ್ತೆ. ಕಾಣದಿದ್ರೆ ಇಲ್ಲೆ" ಎಂದೆ.

ನನ್ನ ಬಾಯಿ ಆಗಲೂ ಹೀಗೇ ಇತ್ತು. ಇವರು ತಲೆ ತಗ್ಗಿಸಿದರು. ಈಗ ನೆನೆದರೆ ಪಾಪ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ತವರಲ್ಲಿ ದಿನಗಳು ಉದ್ದ. ಎರಡು ವಾರಕ್ಕೊಮ್ಮೆ ಇವರು, ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲಿನ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಬೈಂದೂರಿಗೆ ಬರುತ್ತಿದ್ದರು. ಮಗಳು ಮೊದಮೊದಲು ಅಪ್ಪನನ್ನು ಕಂಡು ಕಿರುಚಿ ಅಳುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಹಟ ಬಿಟ್ಟು ಹೋಗಿಬಿಡೋಣವೇ ಅನ್ನಿಸುತ್ತಿತ್ತು. ಮತ್ತೆ ಆ ಚಪ್ಪಟೆಯಾದ ತೊಟ್ಟಿಲು ಕಣ್ಣಿಗೆ ಕಟ್ಟುತ್ತಿತ್ತು. ಮಳೆ ಹಿಡಿಯುವ ಮೊದಲು ತೊಲೆ ಏರದಿದ್ದರೆ ಮತ್ತೆ ಹೆಂಚು ಇಳಿಸಿ ಮಾಡು ಬಿಚ್ಚುವಂತಿಲ್ಲ, ಕಡವು ದಾಟುವುದೂ ಕಷ್ಟ. ಅಂದರೆ ಮಗಳು ಅಪ್ಪನಿಲ್ಲದೆ ಇನ್ನೊಂದು ಮಳೆಗಾಲ ಕಳೆಯಬೇಕು. ಒಳ್ಳೆಯ ಮರಗಳೆಲ್ಲ ಯುದ್ಧದ ಕೆಲಸಕ್ಕೆ ಹೋಗಿಯಾಗಿತ್ತು. ಸಿಗುತ್ತಿದ್ದದ್ದು ಹಸಿ ಮರ, ಅದೂ ಗಿಡ್ಡ.

ಅಂಥ ಹೊತ್ತಿಗೆ ಇವರ ಕಾರ್ಖಾನೆಯಲ್ಲಿ ಹೆಂಚು ಒಣಗಿಸುವ ಹಳೆಯ ಶೆಡ್ಡನ್ನು ಕೆಡವಿದರು. ಅದರ ಒಂದು ಕಬ್ಬಿಣದ ತೊಲೆಯನ್ನು ಧಣಿಗಳು ಇವರಿಗೆ ಕೊಟ್ಟರು. ನಮ್ಮ ಕಡೆ ಅದಕ್ಕೆ ಗರ್ಡರ್ ಎಂದೇ ಹೇಳುವುದು. ಕುಂದಾಪುರದಿಂದ ಹಂಗಾರಕಟ್ಟೆಗೆ ಸರಕಿನ ಹಾಯಿಹಡಗು ಮಂಜಿಯಲ್ಲಿ, ಅಲ್ಲಿಂದ ಮೇಲಕ್ಕೆ ಹೊಳೆದೋಣಿಯಲ್ಲಿ, ಹೊಳೆ ದಂಡೆಯಿಂದ ಮನೆಗೆ ಎಂಟು ಜನರ ಹೆಗಲ ಮೇಲೆ ಅದು ಬಂತು. ಮುಂದಿನದನ್ನು ಇವರು ನಮ್ಮ ತವರಿನ ಜಗಲಿಯಲ್ಲಿ ಕೂತು ಹೇಳುವಾಗ ನಾನು ಎಷ್ಟೋ ದಿನಗಳ ಮೇಲೆ ಬಾಯಿತುಂಬ ನಕ್ಕೆ.

ತೊಲೆ ಏರಿಸಲು ಬಂದವರು ನಮ್ಮ ಮನೆಗೆ ತಲೆತಲಾಂತರದಿಂದ ಮರಗೆಲಸ ಮಾಡುವ ಮನೆತನದ ಆಚಾರಿ. ಮುದುಕರು, ಕೈ ನೇರ, ಮಾತು ಖಡಕ್ಕು. ಅವರು ಗರ್ಡರಿನ ಸುತ್ತ ಮೂರು ಸಲ ತಿರುಗಿ, ಉಳಿ ಕೆಳಗಿಟ್ಟು ಕೇಳಿದರಂತೆ: "ಹ್ವಾಯ್, ಇದ್ರ ಬುಡ ಯಾವ್ದ್?"

ಮರದ ತೊಲೆ ಇಡುವಾಗ ಬುಡ ತೆಂಕಿಗೆ, ತುದಿ ಬಡಗಣಕ್ಕೆ ಬರಬೇಕು. ಮರ ನಿಂತು ಬೆಳೆದದ್ದಲ್ಲವೇ, ಅದನ್ನು ತಲೆಕೆಳಗು ಮಾಡಿ ಮಲಗಿಸಿದರೆ ಮನೆಯ ಮಕ್ಕಳಿಗೆ ಏಳಿಗೆಯಿಲ್ಲ ಎಂಬುದು ಆಚಾರಿಯ ನಂಬಿಕೆ. ಕೆತ್ತಿದ ಮರದಲ್ಲಿ ಬುಡ ಗೊತ್ತಾಗದಿದ್ದರೆ ಅದನ್ನು ಹೊಳೆಗೆ ಇಳಿಸುತ್ತಾರೆ. ಬುಡದ ಕಡೆ ತುಸು ಹೆಚ್ಚು ಮುಳುಗುತ್ತದೆ. ಗರ್ಡರನ್ನು ಹೊಳೆಗೆ ಇಳಿಸಿದರೆ ಮತ್ತೆ ಎತ್ತುವವರು ಯಾರು? ಆಚಾರಿ ಅದರ ನಡುವಿಗೆ ಹಗ್ಗ ಕಟ್ಟಿಸಿ, ಮಾವಿನ ಕೊಂಬೆಗೆ ಹಾಕಿ ಎಳೆಸಿ ನೋಡಿದರಂತೆ. ಎರಡೂ ಕಡೆ ಒಂದೇ ತೂಕ, ಅಲುಗದೆ ನಿಂತಿತು. ಆಚಾರಿಗೆ ಎಲ್ಲಿಲ್ಲದ ಸಿಟ್ಟು. "ಬುಡ ಇಲ್ಲದ್ದನ್ನ್ ನಾ ಇಡುದಿಲ್ಲೆ. ಈ ಮನ್ಯಂಗೆ ಸಣ್ ಹೆಣ್ ಮಗು ಇತ್ತ್" ಎಂದು ಚೀಲ ಹೆಗಲಿಗೆ ಹಾಕಿಕೊಂಡರಂತೆ.

ತಡೆದವರು ಅತ್ತೆ. "ಆಚಾರ್ರೆ, ಕೂಕಣಿ. ಮರ ಹುಟ್ಟುದ್ ನೆಲದಂಗೆ. ಇದ್ ನಮ್ಮೂರ ನೆಲ ಮುಟ್ಟಿದ್ ಯಾವ ಬದಿಯಂಗೆ? ಮೊದ್ಲ್ ಮುಟ್ಟಿದ್ ಬದಿಯೇ ಬುಡ" ಎಂದರಂತೆ.

ಆಚಾರಿ ಒಂದು ಎಲೆ ಅಡಿಕೆ ಮುಗಿಯುವವರೆಗೆ ಯೋಚಿಸಿದರಂತೆ. ಮೊದಲು ಮುಟ್ಟಿದ ಬದಿ ಯಾವುದೆಂದು ಹೊತ್ತವರನ್ನು ಕೇಳಿದರೆ ಎಂಟು ಜನರದ್ದೂ ಎಂಟು ಮಾತು. ಕೊನೆಗೆ ಆಚಾರಿಯೇ ಬಗ್ಗಿ ಬಗ್ಗಿ ಹುಡುಕಿದರು. ಒಂದು ಬದಿಯ ಬೋಲ್ಟಿನ ತೂತುಗಳಲ್ಲಿ ಹೊಳೆಯ ಕೆಸರು ಒಣಗಿ ಕೂತಿತ್ತು. ದೋಣಿಯಿಂದ ಇಳಿಸುವಾಗ ಕೈಜಾರಿ ದಂಡೆಗೆ ಬಿದ್ದ ಬದಿ ಅದು. ಕೂಡಲೇ ಆಚಾರಿ ಆ ತುದಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಅದನ್ನು ತೆಂಕಿಗೆ ತಿರುಗಿಸಿದರು.

"ಏರಿತ್. ಇನ್ನ್ ಬಪ್ಪುದ್ ನಿಮ್ದ್" ಎಂದರು ಇವರು ನನಗೆ. ಮುಖ ಅರಳಿತ್ತು. ಇನ್ನೇನೋ ಹೇಳಲು ಬಾಯಿ ತೆರೆದು, "ಬ್ಯಾಡ, ಬಂದೇ ಕಾಣ್" ಎಂದು ನುಂಗಿಕೊಂಡರು.

ಆಕಾಶದಲ್ಲಿ ಮೋಡ ಕಟ್ಟತೊಡಗಿದ ಒಂದು ದಿನ ನಾವು ಹೊರಟೆವು. ಒಂಬತ್ತು ತಿಂಗಳ ಮಗಳು ಈಗ ಅಪ್ಪನ ಹೆಗಲಿಗೆ ಹೋಗುತ್ತಿದ್ದಳು. ಕಡವಿನಿಂದ ಮನೆಯವರೆಗೆ ನಾನು ಹೆಚ್ಚುಕಡಿಮೆ ಓಡಿಕೊಂಡೇ ಬಂದೆ. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಆಚಾರಿಯೂ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಎಲ್ಲರ ಮುಖದಲ್ಲೂ ಏನೋ ಒಂದು ಗುಟ್ಟಿನ ಸಂತೋಷ.

ಹೊಸಿಲಲ್ಲಿ ನಿಂತು ನಾನು ತಲೆ ಎತ್ತಿದೆ. ಕಬ್ಬಿಣ ಎಲ್ಲಿದೆ? ಕಾಣುವುದು ಹೊಂಬಣ್ಣದ ಹಲಸಿನ ಹಲಗೆ. ಅಡಿ, ಎಡ, ಬಲ, ಮೂರು ಕಡೆಯೂ ಹಲಗೆ ಜೋಡಿಸಿ, ಸಂದು ಕಾಣದಂತೆ ಬೆಸೆದು, ನಡುವೆ ಒಂದು ತಾವರೆ ಕೆತ್ತಿದ್ದರು. ಎಸಳು ಎಸಳೂ ಬೇರೆ ಬೇರೆ. ಮೇಲೆ ಎಣ್ಣೆಯ ಹೊಳಪು.

"ಕಾರ್ಖಾನಿ ಕಂಡ್ಹಾಂಗೆ ಕಾಂತಿತ್ ಅಂದ್ಹೇಳಿ ಅಮ್ಮ ಮುಚ್ಚುಕೆ ಹೇಳ್ರ್. ಆಚಾರ್ರ್ ಹದಿನೈದ್ ದಿನ ಕೂತ್ ಮಾಡಿರ್" ಎಂದರು ಇವರು, ಮಗುವನ್ನು ಎತ್ತಿ ತಾವರೆ ತೋರಿಸುತ್ತಾ.

ನಾನು ಮೂಲೆಯಲ್ಲಿದ್ದ ಒನಕೆ ತೆಗೆದುಕೊಂಡು ತೊಲೆಗೆ ಕುಟ್ಟಿದೆ. ಡಬ್ ಡಬ್ ಎಂದಿತು. ಪೊಳ್ಳು. ಹಲಗೆಗೂ ಕಬ್ಬಿಣಕ್ಕೂ ನಡುವೆ ಸಂದು ಇದ್ದರೆ ಪೊಳ್ಳು ಸದ್ದೇ ಬರುತ್ತದೆ ಎಂದು ನನ್ನ ಬುದ್ಧಿಗೆ ಗೊತ್ತು. ಆದರೆ ನನ್ನ ಕಿವಿಗೆ ಅದು ಒರಲೆ ತಿಂದ ಮರದ ಸದ್ದೇ. ಒನಕೆ ಕೆಳಗಿಟ್ಟು, ಇವರ ಕೈಯಿಂದ ಮಗಳನ್ನು ಕಸಿದುಕೊಂಡು ಹೊರಗೆ ಬಂದು ಜಗಲಿಯಲ್ಲಿ ಕೂತೆ.

"ಎಂತ ಆಯ್ತ್?" ಎಂದು ಇವರು ಹಿಂದೆಯೇ ಬಂದರು.

"ಮುಚ್ಚಿದ್ದ್ ನಂಗೆ ಬ್ಯಾಡ. ಒಳ್ಗೆ ಎಂತ ಆತಾ ಇತ್ತ್ ಅಂದ್ಹೇಳಿ ಕಾಂತಿಲ್ಲೆ. ನಾ ಈ ಮನಿ ಒಳ್ಗೆ ಮಗೂನ್ ಮಲ್ಗಿಸುದಿಲ್ಲೆ."

ಆಗ ಎದ್ದಿತು ನೋಡಿ ಗಲಾಟೆ. ಆಚಾರಿಯ ಮುಖ ಬಿಳಿಚಿಕೊಂಡಿತು. "ಅಮ್ಮಾ, ಕಬ್ಬಿಣಕ್ಕೆ ಒರ್ಲಿ ಹಿಡೀತಿಲ್ಲೆ" ಎಂದರು. "ತುಕ್ಕ್ ಹಿಡೀತಿಲ್ಯಾ? ತುಕ್ಕ್ ಹಿಡಿದ್ರೂ ನನ್ ಕಣ್ಣೆದ್ರೇ ಹಿಡೀಲಿ" ಎಂದೆ. ಅತ್ತೆ ಗುಡುಗಿದರು: ಮೂರು ತಿಂಗಳು ತವರಲ್ಲಿ ಕೂತದ್ದು ಸಾಲದೇ, ಆರತಿ ತಟ್ಟೆ ಕೈಯಲ್ಲಿರುವಾಗ ಮನೆ ಬಾಗಿಲಿಂದ ಹೊರಗೆ ಬರುವ ಸೊಸೆ ಯಾವ ಊರಲ್ಲಿ ಇದ್ದಾಳೆ, ಕಬ್ಬಿಣ ಬಿಟ್ಟುಕೊಂಡ ಮನೆಯನ್ನು ನೋಡಿ ನೆಂಟರು ಏನೆಂದಾರು. ನಾನೂ ಬಿಡಲಿಲ್ಲ. ಇವರು ನಮ್ಮಿಬ್ಬರ ನಡುವೆ ನಿಂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದರು. ಕೊನೆಗೆ, "ಕತ್ತಲಾಪ್ಪುಕೆ ಮೊದ್ಲ್ ಕಡವು ದಾಟ್ಕ್. ನಾ ಬಿಟ್ ಬತ್ತೆ" ಎಂದರು. ಅಷ್ಟು ಸೋತ ದನಿಯನ್ನು ನಾನು ಅವರಿಂದ ಆಮೇಲೆ ಎಂದೂ ಕೇಳಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು. ಹೋದರೆ ಮತ್ತೆ ಕರೆಯಲು ಬರುತ್ತಾರೋ ಇಲ್ಲವೋ ಎಂದು ಹೆದರಿದೆ. ಆದರೂ ಏಳಲು ತಯಾರಾದೆ.

ಆಗ ಅತ್ತೆ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತರು. ಬಯ್ಯುತ್ತಾರೆ ಎಂದುಕೊಂಡೆ. ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು, ಎಣ್ಣೆ ತಾಗಿ ಸಿಪ್ಪೆ ಎದ್ದ ಕೈಗಳನ್ನು.

"ಹೋದ್ ವರ್ಷ ಎಣ್ಣಿ ಹಚ್ಚುವತಿಗೆ ತೊಲಿ ಸದ್ದ್ ಬೇರೆ ಬಂದಿತ್" ಎಂದರು. "ಪೊಳ್ಳ್ ಸದ್ದ್. ನಂಗೆ ಗೊತ್ತಾಯ್ತ್. ನೀ ಬಸ್ರಿ. ಬಸ್ರಿ ಇದ್ದ್ ಮನ್ಯಂಗೆ ಮಾಡ್ ಬಿಚ್ಚುಕಾಗ, ಮೊಳಿ ಹೊಡುಕಾಗ. ಮಗುವಿಗೆ ಎಂತಾರೂ ಆದ್ರೆ? ಹಾಂಗಾಯಿ ಯಾರಿಗೂ ಹೇಳ್ಲಿಲ್ಲೆ. ಎಣ್ಣಿ ಮತ್ತೆರಡ್ ಸಲ ಹಚ್ಚಿದೆ. ನೀ ಬೈಂದೂರಿಗೆ ಹೋದ್ ಮೇಲ್ ಹೇಳುವ ಅಂದ್ರೆ ಮಳಿ ಹಿಡೀತ್. ಮಳಿ ಬಿಟ್ ಮೇಲ್..." ಬೆರಳಿನ ಸಿಪ್ಪೆಯೊಂದನ್ನು ಕಿತ್ತರು. "ಮಳಿ ಬಿಟ್ ಮೇಲ್ ಮರ್ತ್ ಹೋಯ್ತ್ ಅಂದ್ಹೇಳಿ ನಂಗೆ ನಾನೇ ಹೇಳ್ಕಂಡೆ."

ಇವರು ತಾಯಿಯನ್ನು ಮೊದಲ ಸಲ ನೋಡಿದವರ ಹಾಗೆ ನೋಡುತ್ತಿದ್ದರು. ನನಗೆ ಮೊದಲು ಬಂದದ್ದು ಕೋಪವೇ, ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೂ ಅದೇ ತೊಲೆಗೆ ತೊಟ್ಟಿಲು ಕಟ್ಟಿಸಿದರಲ್ಲ ಎಂದು ಎದೆ ಉರಿಯಿತು. ಅದು ಇಳಿಯುವ ಮೊದಲೇ ಇನ್ನೊಂದು ನೆನಪು ಬಂತು. ಆ ದಿನ ಬಚ್ಚಲಿನಿಂದ ಕೂಗಿ ಮಗುವನ್ನು ಉಳಿಸಿದವರೂ ಅತ್ತೆಯೇ. ಇಷ್ಟು ತಿಂಗಳು ಈ ಹೆಂಗಸು ಆ ಎರಡನ್ನೂ ಹೊತ್ತುಕೊಂಡು ಒಬ್ಬರೇ ಈ ಮನೆಯಲ್ಲಿ ಇದ್ದರಲ್ಲ. ಅವರ ಕೈ ಹಿಡಿಯಬೇಕೆನ್ನಿಸಿತು, ಹಿಡಿಯಲು ನಾಚಿಕೆಯಾಯಿತು. ಮಗಳನ್ನು ಅವರ ಮಡಿಲಿಗೆ ಹಾಕಿದೆ.

ಮಗು ಅಜ್ಜಿಯ ಮೂಗುಬೊಟ್ಟಿಗೆ ಕೈ ಹಾಕಿತು. ಅತ್ತೆ ಅದರ ಕೈ ಬಿಡಿಸಿ, ಕಣ್ಣು ಒರೆಸಿಕೊಂಡು, ಆಚಾರಿಯತ್ತ ತಿರುಗಿದರು. "ಆಚಾರ್ರೆ, ಆ ಹಲ್ಗಿ ತೆಗೀನಿ. ನೆಂಟ್ರ್ ಎಂತ ಬೇಕಾರೂ ಹೇಳ್ಲಿ. ಮುಚ್ಚಿದ್ದ್ ಸಾಕ್ ಈ ಮನ್ಯಂಗೆ."

ಆಚಾರಿ ತಮ್ಮ ತಾವರೆಯನ್ನು ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟರು. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಹದಿನೈದು ದಿನದ ಕೆಲಸ, ಆ ವಯಸ್ಸಿನಲ್ಲಿ. ಅವರು ಮಾತ್ರ ಪಂಚೆ ಎತ್ತಿ ಕಟ್ಟಿ, ಏಣಿ ತರಿಸಿ, ಒಂದೂ ಹಲಗೆ ಸೀಳದಂತೆ ಮೊಳೆ ಕೀಳಲು ಶುರುಮಾಡಿದರು. ಏಣಿಯ ಮೇಲಿಂದಲೇ, "ಕಬ್ಬಿಣಕ್ಕೂ ಬುಡ ಹುಡ್ಕಿದೆ ಮಾರಾಯ್ರೆ. ಈ ಅತ್ತಿ ಸೊಸಿ ಸಿಟ್ಟಿಗೆ ಬುಡವೂ ಇಲ್ಲೆ, ತುದಿಯೂ ಇಲ್ಲೆ" ಎಂದರು. ಇವರು ನಕ್ಕರು. ನಾನೂ ನಕ್ಕೆ, ಮೂಗು ಒರೆಸಿಕೊಳ್ಳುತ್ತಾ.

ಹಲಗೆ ಇಳಿದ ಮೇಲೆ ಗರ್ಡರ್ ಕಂಡಿತು. ಚೆಂದವೇನೂ ಇರಲಿಲ್ಲ. ಅಲ್ಲಲ್ಲಿ ಕೆಂಪು ತುಕ್ಕು, ಸಾಲು ಬೋಲ್ಟಿನ ತೂತುಗಳು, ತೆಂಕಿನ ತುದಿಯಲ್ಲಿ ಆಚಾರಿ ಹಚ್ಚಿದ ಕುಂಕುಮ. ಅತ್ತೆಯೇ ಒನಕೆ ತಂದು ನನ್ನ ಕೈಗಿತ್ತರು. ಕುಟ್ಟಿದೆ. ಠಣ್ ಎಂದ ಸದ್ದು ಮನೆಯೆಲ್ಲ ಸುತ್ತಿ ಬಂತು. ಮಗಳು ಬೆಚ್ಚಿ, ಆಮೇಲೆ ಕೇಕೆ ಹಾಕಿ ನಕ್ಕಳು. ಮತ್ತೊಮ್ಮೆ ಕುಟ್ಟಿದೆ, ಅವಳ ಸಲುವಾಗಿ.

ಇಳಿಸಿದ ಹಲಗೆಗಳನ್ನು ಆಚಾರಿ ಗೋಡೆಗೆ ಒರಗಿಸಿ, ಮಗುವಿನ ಉದ್ದವನ್ನು ಗೇಣಿನಲ್ಲಿ ಅಳೆದುಕೊಂಡರು. ನಾಲ್ಕು ದಿನದಲ್ಲಿ ಅದೇ ಹಲಸಿನ ಹಲಗೆಯ ತೊಟ್ಟಿಲು ಸಿದ್ಧವಾಯಿತು, ತಲೆಯ ಬದಿಗೆ ತಾವರೆ. ಗರ್ಡರಿನ ತೂತುಗಳಿಗೆ ಕೊಕ್ಕೆ ಹಾಕಿ, ತೊಟ್ಟಿಲಿನ ಸರಪಳಿ ಸಿಕ್ಕಿಸಿದರು. ಹೊಸದಾಗಿ ಮೊಳೆ ಹೊಡೆಯುವ ಕೆಲಸವೇ ಬರಲಿಲ್ಲ. ತೊಲೆಗೆ ಅತ್ತೆ ಎಂದಿನ ಹಾಗೆ ಗೇರೆಣ್ಣೆ ಹಚ್ಚಿದರು, ಆದರೆ ಈ ಸಲ ಇನ್ನೊಂದು ಬಟ್ಟೆ ನನ್ನ ಕೈಯಲ್ಲಿತ್ತು. ಮೊದಲು ತುಕ್ಕು ಕೆರೆಯುವುದು, ಆಮೇಲೆ ಕುಟ್ಟಿ ಸದ್ದು ಕೇಳುವುದು, ಆಮೇಲೆ ಎಣ್ಣೆ. ಅವರು ಇರುವವರೆಗೆ ಪ್ರತಿ ವರ್ಷ ನಾವಿಬ್ಬರೂ ಹಾಗೆಯೇ ಮಾಡಿದೆವು.

ತೊಟ್ಟಿಲು ಕಟ್ಟಿದ ದಿನ ಮಧ್ಯಾಹ್ನ ಊಟವಾದ ಮೇಲೆ ಮಗುವನ್ನು ಮಲಗಿಸಲು ಹೋದೆ. ಅಷ್ಟೆಲ್ಲ ಆದ ಮೇಲೂ ನನ್ನ ಕೈ ಹಿಂಜರಿಯಿತು. ತೊಟ್ಟಿಲ ಪಕ್ಕ ಮಗುವನ್ನು ಎತ್ತಿಕೊಂಡೇ ನಿಂತೆ. ಅತ್ತೆ ನೋಡಿದರು. ತಮ್ಮ ಚಾಪೆ ತಂದು, ಹಳೆಯ ತೊಲೆ ಬಿದ್ದ ಜಾಗದಲ್ಲೇ, ಗರ್ಡರಿನ ನೇರ ಕೆಳಗೆ ಹಾಸಿ, ಅಂಗಾತ ಮಲಗಿದರು. "ಮೊದ್ಲ್ ನಾ ಮಲ್ಗ್ತೆ. ನಿಂಗೆ ಏಗ್ಳಿಕೆ ಧೈರ್ಯ ಬತ್ತೊ, ಆಗ್ಳಿಕೆ ಮಗೂನ್ ತಾ" ಎಂದು ಕಣ್ಣು ಮುಚ್ಚಿದರು.

ನಾನು ಮಗಳನ್ನು ತೊಟ್ಟಿಲಲ್ಲಿ ಮಲಗಿಸಿ ನಾಲ್ಕು ಸಲ ತೂಗಿದೆ. ಆಮೇಲೆ ಅತ್ತೆಯ ಚಾಪೆಯ ತುದಿಯಲ್ಲಿ, ಅವರ ಮಗ್ಗುಲಿಗೆ ನಾನೂ ಮಲಗಿದೆ. ಅವರು ಕಣ್ಣು ತೆರೆಯದೆಯೇ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಎಚ್ಚರವಾದಾಗ ಹೆಂಚಿನ ಮೇಲೆ ಮೊದಲ ಮಳೆ ಸುರಿಯುತ್ತಿತ್ತು. ಅತ್ತೆ ಎದ್ದು ಕೂತು ತೊಟ್ಟಿಲು ತೂಗುತ್ತಿದ್ದರು. ಮಳೆ ಜೋರಾಯಿತು, ಗಾಳಿಗೆ ಮಾಡು ಕಿರುಗುಟ್ಟಿತು. ನಾವಿಬ್ಬರೂ ಮಗುವನ್ನೇ ನೋಡುತ್ತಾ ಕೂತಿದ್ದೆವು. ಮೇಲೆ ನೋಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.